ಅಜ್ಜಿ ತಿಂದ ಮೇಲೆ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತ ಭೂಮಿ ನಡುಗಿ ಸುಮಾರು ಹತ್ತು ಸಾವಿರ ಜನ ಸತ್ತರು. ಅಲ್ಲಿ ಉಳಿದ ಮಕ್ಕಳು ಯಾರ ಮೇಲೆ ಸಿಟ್ಟಾಗಬೇಕಿತ್ತು? ಭೂಮಿಯ ಮೇಲೋ? ನಮ್ಮ ಹನೂರು ತಾಲ್ಲೂಕಿನ ಸುಳ್ವಾಡಿಯ ಮಕ್ಕಳ ಪಾಡು ಬೇರೆ. 2018ರ ಡಿಸೆಂಬರ್ 14, ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರದ ಪೂಜೆ. ಪ್ರಸಾದಕ್ಕೆ ಯಾರೋ ಬೆಳೆಗೆ ಹೊಡೆಯುವ ಔಷಧಿ ಬೆರೆಸಿದ್ದರು. 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಬಿದರಹಳ್ಳಿ, ಎಂ.ಜಿ. ದೊಡ್ಡಿಯಂಥ ಊರುಗಳಲ್ಲಿ ಮನೆಗಳೇ ಬರಿದಾದವು. ಗುಡಿಯ ಆಡಳಿತದ ಜಗಳವೇ ಇದಕ್ಕೆ ಕಾರಣ ಎಂದರು ಪೊಲೀಸರು.

ಕೊಳ್ಳೇಗಾಲದಿಂದ ನಾವು ಕೆಲವರು ಅಕ್ಕಿ, ಬೇಳೆ, ಹೊದಿಕೆ, ಬಿಸಿ ಅನ್ನದ ಪೊಟ್ಟಣ ಹೊತ್ತುಕೊಂಡು ಹೋಗಿದ್ದೆವು. ಒಂದು ಜಗುಲಿಯ ಮೇಲೆ ಅಪ್ಪ, ಅವ್ವ ಇಬ್ಬರನ್ನೂ ಕಳೆದುಕೊಂಡ ಹುಡುಗಿ ಕೂತಿದ್ದಳು. ಪೊಟ್ಟಣ ಬಿಚ್ಚಿಕೊಟ್ಟೆ. ಕೈಯಲ್ಲಿ ಹಿಡಿದಳು, ಮೂಸಿದಳು, ಬಾಯಿಗಿಡಲಿಲ್ಲ. ಅಜ್ಜಿ ಬಂದು ಒಂದು ತುತ್ತು ತಾನು ತಿಂದು, ನುಂಗಿ, ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ಹುಡುಗಿ ತಿಂದಳು.

ಪರಿಹಾರದ ಕೆಲಸ ಎಂದರೆ ಏನು ಎಂಬುದು ನನಗೆ ಅಲ್ಲಿ ತಿಳಿಯಿತು. ಎಷ್ಟು ಒಳ್ಳೆಯ ಮನಸ್ಸಿನಿಂದ ಹೋದರೂ ನಾವು ಹೊರಗಿನವರು. ನಂಬಿ ಕೈಯೊಡ್ಡಿದಾಗ ಸಿಕ್ಕಿದ್ದು ವಿಷ ಎಂದು ಕಂಡ ಮಗುವಿಗೆ, ನಮ್ಮ ಅನ್ನ ಅನ್ನವಾಗಬೇಕಾದರೆ ಅದು ಅಜ್ಜಿಯ ಮೂಲಕವೇ ಹೋಗಬೇಕು.

ನಮ್ಮ ಜೊತೆ ಬಂದವರೊಬ್ಬರು ಮಕ್ಕಳನ್ನು ಮೈಸೂರಿನ ಯಾವುದಾದರೂ ಹಾಸ್ಟೆಲ್ಲಿಗೆ ಸೇರಿಸೋಣ ಎಂದರು. ಒಳ್ಳೆಯ ಮಾತೇ. ಕಿಲ್ಲಾರಿಯ ನಂತರ ಭಾರತೀಯ ಜೈನ ಸಂಘಟನೆ 1,200 ಸಂತ್ರಸ್ತ ಮಕ್ಕಳನ್ನು ಪುಣೆಗೆ ಕರೆದೊಯ್ದು ಓದಿಸಿತು, ಅದೇನು ಸಣ್ಣ ಕೆಲಸವಲ್ಲ. ಆದರೆ ಅಜ್ಜಿ ಒಪ್ಪಲಿಲ್ಲ. "ನನ್ನುಸ್ರು ಇರೋಗಂಟ ನಾನೇ ಸಾಕ್ತೀನಿ ಕನಪ್ಪ. ಕೂಸ ಕರ್ಕೊಂಡೋಗ್ಬೇಡಿ" ಎಂದಳು. ಹಟ ಅನ್ನಿಸಬಹುದು. ನನಗೆ ಅದು ನ್ಯಾಯವಾಗಿಯೇ ಕಂಡಿತು. ಹೆತ್ತವರನ್ನು ಕಳೆದುಕೊಂಡ ಮಗು ಊರು, ಜಗುಲಿ, ಜೊತೆಯಲ್ಲಿ ಆಡುವ ಮಕ್ಕಳು, ಇವನ್ನೂ ಯಾಕೆ ಕಳೆದುಕೊಳ್ಳಬೇಕು? ಮಕ್ಕಳನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಿರಬೇಕು ಎಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ.

ಮಗುವಿನ ಭಾರ ಅಜ್ಜಿಯದ್ದೇ ಆದಮೇಲೆ, ಆ ಅಜ್ಜಿಗೆ ಆಸರೆಯಾಗುವುದು ನಮ್ಮ ಪಾಲಿನ ಕೆಲಸ. ಅದು ಫೋಟೊಗೆ ಸಿಗುವ ಕೆಲಸವಲ್ಲ. ಮಗುವಿನ ಹೆಸರಿಗೆ ಬಂದ ಪರಿಹಾರದ ಹಣವನ್ನು ಯಾವ ನೆಂಟನೂ ಬಿಡಿಸಿಕೊಳ್ಳದಂತೆ ಬ್ಯಾಂಕಿನಲ್ಲಿ ಇಡಿಸಬೇಕು. ಮರಣ ಪತ್ರದ ಹೆಸರಿಗೂ ಆಧಾರ್ ಹೆಸರಿಗೂ ತಾಳೆಯಾಗದಿದ್ದರೆ ತಾಲ್ಲೂಕು ಕಚೇರಿಗೆ ಅಲೆಯಬೇಕು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅಜ್ಜಿಯನ್ನು ಕೂರಿಸಿ ಅವಳ ಮಾತನ್ನು ಅವರು ಕೇಳುವಂತೆ ಮಾಡಬೇಕು. ಕೋವಿಡ್ ಕಾಲದಲ್ಲಿ ಅನಾಥರಾದ ಮಕ್ಕಳಿಗೆ 2021ರಲ್ಲಿ ಸರ್ಕಾರ ಬಾಲಸೇವಾ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿ ಘೋಷಿಸಿದಾಗಲೂ ಕೊಳ್ಳೇಗಾಲ, ಯಳಂದೂರು ಕಡೆ ಇದೇ ಅಲೆದಾಟ. ಹಣ ಮಂಜೂರಾಗುತ್ತದೆ, ಅರ್ಜಿ ಬರೆದುಕೊಡುವವರು ಸಿಗುವುದಿಲ್ಲ.

ಮೊದಲ ವಾರ ಬಿದರಹಳ್ಳಿಯ ದಾರಿಯಲ್ಲಿ ಜೀಪುಗಳು ಸಾಲಾಗಿ ನಿಂತಿದ್ದವು. ಜೋಳ ಕೊಯ್ಯುವ ಹೊತ್ತಿಗೆ ಒಂದೂ ಇರಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಫೀಸು, ಬಟ್ಟೆ, ಬಸ್ ಪಾಸ್ ಎಲ್ಲಕ್ಕೂ ಅಜ್ಜಿ ಒಬ್ಬಳೇ ಓಡಾಡಬೇಕು. ಹೋಗಬೇಕೆನ್ನುವವರು ಆಗ ಹೋಗಲಿ.