ಸಂದೇಹ–ಸಮಾಧಾನ: ದೇವರ ಪೆಟ್ಟಿಗೆ ಯಾರ ಮನೆಯಲ್ಲಿರಬೇಕು?

ಪ್ರಶ್ನೆ: 14 ವರ್ಷ ಅಮೆರಿಕದಲ್ಲಿದ್ದು ಈಗ ಸಂಸಾರ ಸಮೇತ ಬೆಂಗಳೂರಿಗೆ ವಾಪಸ್ಸು ಬಂದಿದ್ದೇವೆ. ಇಷ್ಟು ದಿನ ಬಾಡಿಗೆಗೆ ಕೊಟ್ಟಿದ್ದ ನಮ್ಮ ಫ್ಲ್ಯಾಟಿನಲ್ಲೇ ಇನ್ನು ವಾಸ. ಮತ್ತೆ ಗೃಹಪ್ರವೇಶ ಮಾಡಬೇಕೆ? ಶಿವಮೊಗ್ಗದ ಮನೆಯಲ್ಲಿ ತಂದೆಯವರು ಪೂಜಿಸುತ್ತಿದ್ದ ಪಂಚಾಯತನ ದೇವರಿದೆ. ತಂದೆಯವರು ಈಗಿಲ್ಲ. ಹಿರಿಯ ಮಗನಾದ ನನಗೆ ಆ ದೇವರು ಬರಬೇಕಲ್ಲವೇ? ತಾಯಿ ‘ಇಲ್ಲೇ ಇರಲಿ’ ಎನ್ನುತ್ತಾರೆ. ತಮ್ಮ ಮಾತೇ ಆಡುವುದಿಲ್ಲ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಮೊದಲನೆಯ ಪ್ರಶ್ನೆಗೆ ಶಾಸ್ತ್ರದಲ್ಲೇ ನೇರ ಉತ್ತರವಿದೆ. ಗೃಹಪ್ರವೇಶದಲ್ಲಿ ಮೂರು ಬಗೆ. ಹೊಸ ಮನೆಗೆ ಹೋಗುವುದು ಅಪೂರ್ವ. ದೂರದ ಪ್ರವಾಸ ಮುಗಿಸಿ ತನ್ನ ಮನೆಗೇ ಮರಳುವುದು ಸಪೂರ್ವ. ಬೆಂಕಿ, ನೀರಿನಿಂದ ಕೆಟ್ಟ ಮನೆಯನ್ನು ಸರಿಮಾಡಿಸಿ ಹೋಗುವುದು ದ್ವಂದ್ವ. ನಿಮ್ಮದು ಸಪೂರ್ವ. ಹೊಸ ಮನೆಗೆ ನೋಡುವಷ್ಟು ಬಿಗಿಯಾಗಿ ಮಾಸ ನೋಡಬೇಕಿಲ್ಲ. ಶ್ರಾವಣ, ಕಾರ್ತಿಕ, ಮಾರ್ಗಶಿರವೂ ಆಗುತ್ತೆ. ಪುಣ್ಯಾಹವಾಚನ, ಗಣಪತಿ ಹೋಮ ಮಾಡಿಸಿ, ಹಾಲು ಉಕ್ಕಿಸಿ, ನಾಲ್ಕು ಜನಕ್ಕೆ ಊಟ ಹಾಕಿ. ಅಷ್ಟು ಸಾಕು. ಫ್ಲ್ಯಾಟಿನಲ್ಲಿ ಹೊಗೆಯಾಗುತ್ತೆ ಅನ್ನೋ ಭಯವಿದ್ದರೆ ಸಣ್ಣ ಕುಂಡದಲ್ಲಿ ಮಿತವಾಗಿ ಆಹುತಿ ಕೊಡಲಿ ಅಂತ ಪುರೋಹಿತರಿಗೆ ಮೊದಲೇ ಹೇಳಿಬಿಡಿ.

ಎರಡನೆಯ ಪ್ರಶ್ನೆಗೆ ಪಂಚಾಂಗದಲ್ಲಿ ಉತ್ತರವಿಲ್ಲ.

ದೇವರನ್ನು ಊರಿಂದ ಊರಿಗೆ ತರುವುದರಲ್ಲಿ ದೋಷವೇನಿಲ್ಲ. ಸಾಲಿಗ್ರಾಮ ನೇಪಾಳದ ಗಂಡಕಿಯಿಂದ ಬಂದದ್ದು, ಬಾಣಲಿಂಗ ನರ್ಮದೆಯಿಂದ. ಅವು ಶಿವಮೊಗ್ಗಕ್ಕೆ ಬಂದದ್ದೂ ಪ್ರಯಾಣ ಮಾಡಿಯೇ ಅಲ್ಲವೆ? ಸಾಲಿಗ್ರಾಮಕ್ಕೆ ಪ್ರಾಣಪ್ರತಿಷ್ಠೆಯೂ ಬೇಕಿಲ್ಲ, ಸಾನ್ನಿಧ್ಯ ಅದರಲ್ಲೇ ಇದೆ. ಅದಕ್ಕೆ ಬೇಕಾದ್ದು ದಿನಾ ಒಂದಿಷ್ಟು ನೀರು, ತುಳಸಿ, ನೈವೇದ್ಯ. ಪೂಜೆ ನಿಂತರೆ ಮಾತ್ರ ದೋಷ. ಹಾಗಾಗಿ ‘ದೇವರು ಯಾರಿಗೆ ಸೇರಬೇಕು’ ಅನ್ನುವುದಕ್ಕಿಂತ ಮುಂಚೆ ‘ಇಷ್ಟು ವರ್ಷ ಪೂಜೆ ನಿಲ್ಲದ ಹಾಗೆ ನೋಡಿಕೊಂಡವರು ಯಾರು’ ಅಂತ ಕೇಳಿಕೊಳ್ಳಿ.

ಜ್ಯೇಷ್ಠನಿಗೆ ಅಧಿಕಾರವಿದೆ ಅನ್ನುವುದು ನಿಜ. ಆದರೆ ಕರ್ಮದ ವಿಷಯದಲ್ಲಿ ‘ಅಧಿಕಾರ’ ಅಂದರೆ ಆಸ್ತಿಯ ಪಾಲಲ್ಲ, ಮಾಡುವ ಯೋಗ್ಯತೆ ಮತ್ತು ಹೊಣೆ. ತಂದೆಯ ಸ್ಥಾನದಲ್ಲಿ ನಿಂತು ಮನೆಯವರನ್ನೂ ಮನೆದೇವರನ್ನೂ ನೋಡಿಕೊಳ್ಳಬೇಕಾದವನು ಹಿರಿಯ ಮಗ. ಆ ಹೊಣೆಯನ್ನು ನಿಮ್ಮ ತಮ್ಮ ಹೊತ್ತಿದ್ದಾರೆ. ಅವರಿಗೂ ಕೆಲಸವಿತ್ತು, ಜ್ವರ ಬಂದಿತ್ತು, ಹೊರಗೂರಿಗೆ ಹೋಗಬೇಕೆನ್ನುವ ಆಸೆಯಿತ್ತು. ಆದರೂ ಬೆಳಗಾದರೆ ಪೂಜೆಗೆ ಕೂತಿದ್ದಾರೆ. ಈಗ ಅವರು ಮಾತಾಡದೆ ಇದ್ದರೆ ಅದನ್ನು ಒಪ್ಪಿಗೆ ಅಂತ ತಿಳಿಯಬೇಡಿ.

‘ನಾನೂ ತಿಂಗಳು ತಿಂಗಳು ದುಡ್ಡು ಕಳಿಸಿದ್ದೇನಲ್ಲ’ ಅನ್ನಬಹುದು. ಅದು ಸಣ್ಣದೇನಲ್ಲ. ಔಷಧಿಗೆ, ಮನೆ ರಿಪೇರಿಗೆ ಕಳಿಸಿದ ಹಣದಲ್ಲೂ ಪುಣ್ಯವಿದೆ, ತಮ್ಮನೂ ಅದನ್ನು ನೆನೆಯಬೇಕು. ಆದರೆ ಅದು ತಾಯಿಗೆ ಮಾಡಿದ ಸೇವೆ. ಅದರ ಲೆಕ್ಕ ತೋರಿಸಿ ದೇವರ ಪೆಟ್ಟಿಗೆ ಕೇಳುವುದು ಸರಿಯಲ್ಲ. ತಾಯಿಯನ್ನೂ ಯೋಚಿಸಿ. ಯಜಮಾನರು ಹೋದ ಮೇಲೆ ಅವರ ದಿನ ನಡೆಯುತ್ತಿರುವುದೇ ಆ ಪೂಜೆಯ ಸುತ್ತ. ಹೂ ಬಿಡಿಸುವುದು, ಬತ್ತಿ ಹೊಸೆಯುವುದು, ನೈವೇದ್ಯಕ್ಕೆ ಅನ್ನ ಮಾಡುವುದು. ಪೆಟ್ಟಿಗೆ ಬೆಂಗಳೂರಿಗೆ ಬಂದರೆ ಅವರ ಕೈಗೆ ಏನು ಉಳಿಯುತ್ತೆ?

ಹಾಗಾದರೆ ನೀವೇನು ಮಾಡಬೇಕು? ಮುಹೂರ್ತಕ್ಕೆ ಮುಂಚೆ ಎಲ್ಲರೂ ಶಿವಮೊಗ್ಗಕ್ಕೆ ಹೋಗಿ. ತಮ್ಮ ಪೂಜೆ ಮಾಡುವಾಗ ಪಕ್ಕದಲ್ಲಿ ಕೂತು ತೀರ್ಥ ತೊಗೊಳ್ಳಿ. ಅಲ್ಲಿಂದ ಅಕ್ಷತೆ ತಂದು ನಿಮ್ಮ ದೇವರ ಮನೆಯಲ್ಲಿ ಇಟ್ಟುಕೊಳ್ಳಿ. ಗೃಹಪ್ರವೇಶದ ದಿನ ಮೊದಲ ದೀಪವನ್ನು ತಾಯಿಯ ಕೈಯಲ್ಲೇ ಹಚ್ಚಿಸಿ. ಗಂಡನಿಲ್ಲದವರು ಮುಂದೆ ಬರಬಾರದು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಹೆತ್ತ ತಾಯಿಗಿಂತ ದೊಡ್ಡ ಮಂಗಳ ಯಾವುದಿದೆ?

ನಿಮ್ಮ ಮನೆಯಲ್ಲಿ ಕುಲದೇವರ ಪಟ, ಒಂದು ಪುಟ್ಟ ಗಣಪತಿ ಇಟ್ಟು ನಿತ್ಯಪೂಜೆ ಶುರುಮಾಡಿ. ಒಂದು ವರ್ಷ ತಪ್ಪದೆ ನಡೆಯಲಿ. ಹಬ್ಬಕ್ಕೋ ರಜಕ್ಕೋ ಊರಿಗೆ ಹೋಗಿ ತಮ್ಮನಿಗೆ ನಾಲ್ಕು ದಿನ ಬಿಡುವು ಕೊಡಿ, ಪಂಚಾಯತನ ಪೂಜೆ ನೀವೇ ಮಾಡಿ. ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರು ವರ್ಷಕ್ಕೊಬ್ಬರಂತೆ ಸರದಿಯ ಮೇಲೆ ಮನೆದೇವರನ್ನು ಪೂಜಿಸುತ್ತಾರೆ. ನಿಮ್ಮಲ್ಲೂ ಅಂಥ ಮಾತು ಮುಂದೆ ಬರಬಹುದು. ಆದರೆ ಅದು ತಮ್ಮನ ಬಾಯಿಂದಲೇ ಬರಲಿ. ಅಲ್ಲಿಯವರೆಗೆ ಕೇಳದೆ ಇರುವುದೇ ನಿಮ್ಮ ಹಿರಿತನಕ್ಕೆ ಶೋಭೆ.

ಶುಭವಾಗಲಿ.