ಲಂಚ ಮುಟ್ಟದವರ ಕಟ್ಟೆ

ನಿಷ್ಪಕ್ಷಪಾತಿ ಅಂದರೆ ಯಾರು? ನಮ್ಮೂರ ಅರಳಿಕಟ್ಟೆ ಮೇಲೆ ಕೂತು ನ್ಯಾಯ ಹೇಳುತ್ತಿದ್ದ ಯಜಮಾನರಿಗೆ ನಮ್ಮ ಜಗಳದಲ್ಲಿ ಮೂರು ಕಾಸಿನ ಲಾಭ ಇರಲಿಲ್ಲ. ಲಂಚ ಮುಟ್ಟುತ್ತಿರಲಿಲ್ಲ. ನಾವು ಕೊಟ್ಟರೂ ಮುಟ್ಟುತ್ತಿರಲಿಲ್ಲ, ಮೈಲಿಗೆ! ಆದರೂ ನಮ್ಮಪ್ಪಂದಿರು ಕಟ್ಟೆ ಕೆಳಗೆ ಕೈಕಟ್ಟಿ ನಿಂತು ಸೋತೇ ಬರುತ್ತಿದ್ದರು.

1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆ ಓದುವಾಗ ಆ ಕಟ್ಟೆ ನೆನಪಾಗುತ್ತದೆ. ಲೋಕಾಯುಕ್ತರಾದವರು ಶಾಸಕರಾಗಿರಬಾರದು, ಬೇರೆ ಲಾಭದ ಹುದ್ದೆ ಹಿಡಿಯಬಾರದು, ಪಕ್ಷದ ನಂಟು, ವ್ಯಾಪಾರ, ವೃತ್ತಿ ಎಲ್ಲ ಬಿಡಬೇಕು. ಒಳ್ಳೆಯದೇ. ಈ ಪಟ್ಟಿಯಲ್ಲಿ ಜಾತಿ ಇಲ್ಲ. ಅದೇನು ರಾಜೀನಾಮೆ ಕೊಟ್ಟು ಬಿಡೋದಾ ಅಂತ ನೀವು ಕೇಳಬಹುದು. ಸರಿ, ಬಿಡೋಕಾಗದ ನಂಟನ್ನು ಲೆಕ್ಕಕ್ಕಾದರೂ ಹಿಡಿಯಬೇಡವೆ?

ಇನ್ನು ಸಿಬ್ಬಂದಿ. ಲೋಕಾಯುಕ್ತದ ಪೊಲೀಸರು ಸರ್ಕಾರದ ಪೊಲೀಸ್ ಇಲಾಖೆಯಿಂದ ಎರವಲು ಬಂದವರು. ಇರುವಷ್ಟು ದಿನ ಲೋಕಾಯುಕ್ತರ ಶಿಸ್ತಿಗೆ ಒಳಪಟ್ಟವರು ಅಂತ ಕಾಯ್ದೆಯೇನೋ ಹೇಳುತ್ತದೆ. ಆದರೆ ತಿರುಗಿ ಹೋಗಬೇಕಾದ್ದು ತವರಿಗೇ. ಇವತ್ತು ಬಾಗಿಲು ಬಡಿದ ಮನೆಯ ಯಜಮಾನನಿಗೆ ನಾಳೆ ಸಲಾಮು ಹೊಡೆಯಬೇಕಾದೀತು. 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ಕಟ್ಟಿ ಈ ಎರವಲು ಪೊಲೀಸರ ಅಧಿಕಾರವನ್ನೂ ಕಿತ್ತುಕೊಂಡಿತು. 2022ರ ಆಗಸ್ಟಿನಲ್ಲಿ ಹೈಕೋರ್ಟು ಆ ದಳವನ್ನು ರದ್ದು ಮಾಡುವವರೆಗೆ, ಆರು ವರ್ಷ, ಕಾವಲು ನಾಯಿಯ ಹಲ್ಲು ಯಜಮಾನನ ಜೇಬಿನಲ್ಲಿತ್ತು.

2013ರ ಲೋಕಪಾಲ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಯಿತು. ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಮಂದಿ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದವರು, ಅಲ್ಪಸಂಖ್ಯಾತರು, ಮಹಿಳೆಯರಿಂದ ಬರಬೇಕು. ಇದನ್ನು ಮೀಸಲಾತಿ ಅಂತ ಮೂಗು ಮುರಿಯುವ ಗೆಳೆಯರಿದ್ದಾರೆ. ನಾವು ಇದನ್ನು ನಿಷ್ಪಕ್ಷಪಾತದ ನಿಯಮ ಅಂತಲೇ ಓದುತ್ತೇವೆ. ಒಂದೇ ಕೇರಿಯ ಕಣ್ಣುಗಳು ಎಷ್ಟೇ ಶುದ್ಧವಿರಲಿ, ಕಾಣುವುದು ಒಂದೇ ಕೇರಿ. ಆದರೆ ಐದು ಗುಂಪನ್ನು ಒಂದೇ ಬುಟ್ಟಿಗೆ ಹಾಕಿದ್ದರಿಂದ, ಒಬ್ಬ ದಲಿತನೂ ಇಲ್ಲದೆ ಈ ಅರ್ಧ ತುಂಬಬಹುದು. ಪ್ರಧಾನಿ ಅಧ್ಯಕ್ಷತೆಯ ಐದು ಜನರ ಆಯ್ಕೆ ಸಮಿತಿಗಂತೂ ಈ ಷರತ್ತೇ ಇಲ್ಲ. ಹೆಸರು ಹುಡುಕಿಕೊಡುವವರಿಗೆ ಷರತ್ತುಂಟು, ಕೊನೆಗೆ ಆರಿಸುವವರಿಗಿಲ್ಲ. ಇದ್ಯಾವ ನ್ಯಾಯ ಸ್ವಾಮಿ?

ಒಂದು ಸಲ ಒಂದು ಕಚೇರಿಗೆ ದೂರು ಹಿಡಿದು ಹೋಗಿದ್ದೆವು. ಗುಮಾಸ್ತರು ಊರು ಕೇಳಿದರು. ಹೇಳಿದೆವು. 'ಊರೊಳಗೋ, ಆಚೆಗೋ?' ಅಂದರು. ಹೇಳಿದೆವು. ಆಮೇಲೆ ನಮ್ಮ ಕಾಗದ ಅವರ ಮೇಜಿನ ಆ ಕಡೆಯಿಂದ ಈ ಕಡೆಗೆ ಬರಲು ನಾಲ್ಕು ತಿಂಗಳು ಹಿಡಿಯಿತು. ಒಂದು ಪೈಸೆ ಲಂಚ ಕೇಳಲಿಲ್ಲ, ಸುಳ್ಳು ಹೇಳಬಾರದು.

ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? 1947ರಲ್ಲಿ ಅಂಬೇಡ್ಕರ್ ತಮ್ಮ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಮನವಿಯಲ್ಲಿ ಇದಕ್ಕೊಂದು ಕಾಲಮ್ಮು ಕೇಳಿದ್ದರು. ಸರ್ಕಾರ ಮತ್ತದರ ಅಧಿಕಾರಿಗಳು ಕೋಮುಪಕ್ಷಪಾತದಿಂದ ಮಾಡುವ ಅನ್ಯಾಯವನ್ನು ವರ್ಷವರ್ಷ ವರದಿ ಮಾಡಲು ಒಬ್ಬ ಅಧಿಕಾರಿ ಬೇಕು. ಅವನಿಗೆ ಆಡಿಟರ್ ಜನರಲ್‌ಗೆ ಸಮನಾದ ಸ್ಥಾನ ಇರಬೇಕು. ಸುಪ್ರೀಂ ಕೋರ್ಟ್ ನ್ಯಾಯಾಧೀಶರನ್ನು ತೆಗೆಯುವ ರೀತಿಯಲ್ಲದೆ ಬೇರೆ ರೀತಿ ಅವನನ್ನು ತೆಗೆಯುವಂತಿಲ್ಲ ಅಂತ. 1950ರ ಸಂವಿಧಾನದ 338ನೇ ವಿಧಿಯಲ್ಲಿ ಒಬ್ಬ ವಿಶೇಷಾಧಿಕಾರಿಯೇನೋ ಬಂದ. ಆ ಭದ್ರತೆ ಬರಲಿಲ್ಲ.