ಚರ್ಮದ ಬಣ್ಣದ ಸೀಸೆ

ನನ್ನ ಮೇಜಿನ ಮೇಲೆ ಐದು ಜನ ಕುದುರೆ ಸವಾರರಿದ್ದಾರೆ. ಕುದುರೆಯಿಂದಿಳಿದು ನಿಂತರೆ ಒಬ್ಬೊಬ್ಬರೂ 54 ಮಿಲಿಮೀಟರ್ ಎತ್ತರ. ಮುಖವೆಂದರೆ ಏಳು ಮಿಲಿಮೀಟರ್, ಒಂದು ಕಡಲೆಕಾಳಿನಷ್ಟು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ದಳದವರು ಇವರು. ದಳದ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರನ್ನು ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು. ನನ್ನ ಐವರು ಆ ಹತ್ತುವ ಸಾಲಿನವರು.

ಈ ಹವ್ಯಾಸದಲ್ಲಿ ನಾವು ಗುಂಡಿಯ ಬಗ್ಗೆ ಜಗಳವಾಡುತ್ತೇವೆ. ಪಟ್ಟಿಯ ಚರ್ಮ ಕಂದೋ ಕೆಂಪುಗಂದೋ, ಪೇಟದ ತುದಿ ಎಡಕ್ಕೋ ಬಲಕ್ಕೋ ಎಂದು ರಾತ್ರಿಯಿಡೀ ಹಳೆಯ ಚಿತ್ರ ಕೆದಕುತ್ತೇವೆ. ಮುಖಕ್ಕೆ ಬಂದಾಗ ಮಾತ್ರ ಯಾರೂ ಜಗಳವಾಡುವುದಿಲ್ಲ. ಸೀಸೆ ತೆರೆದು ಬಳಿಯುತ್ತೇವೆ. ಹತ್ತು ವರ್ಷದ ಹಿಂದೆ ನಾನು ಕೊಂಡ ಮೊದಲ ಸೀಸೆಯ ಮೇಲೆ 'ಚರ್ಮ' ಎಂಬರ್ಥದ ಇಂಗ್ಲಿಷ್ ಪದವಿತ್ತು, ಒಳಗಿದ್ದದ್ದು ಎಳೆ ಗುಲಾಬಿ. ಬಳಿದು ಮುಗಿಸಿ ಅಮ್ಮನಿಗೆ ತೋರಿಸಿದೆ. "ಪೇಟ ಕಟ್ಟಿಕೊಂಡಿರೋ ಈ ದೊರೆ ಯಾರಪ್ಪ?" ಎಂದಳು. ಅಮೆರಿಕದ ಕ್ರೆಯೋಲಾ ಕಂಪನಿ ತನ್ನ ಬಳಪದ ಡಬ್ಬಿಯಲ್ಲಿದ್ದ ಇಂಥದೇ ಹೆಸರನ್ನು 1962ರಲ್ಲೇ 'ಪೀಚ್' ಎಂದು ಬದಲಿಸಿತ್ತು. ಸುದ್ದಿ ನನ್ನ ಮೇಜಿನವರೆಗೆ ಬರಲು ಅರ್ಧ ಶತಮಾನ ಹಿಡಿಯಿತು.

ಆಮೇಲೆ ಕಂದು ಸೀಸೆ ಕೊಂಡೆ. ಅದು ಇನ್ನೊಂದು ಬಗೆಯ ತಪ್ಪು. ಬಿಳಿ ಚರ್ಮ ಬಳಿಯುವಾಗ ಕಲಿತ ಪಾಠದಂತೆ ಬೆಳಕು ಬೀಳುವ ಕಡೆಗೆಲ್ಲ ಬಿಳಿ ಬೆರೆಸುತ್ತ ಹೋದೆ. ಮುಖಗಳು ಬೂದಿ ಹಚ್ಚಿಕೊಂಡಂತಾದವು. ಕಪ್ಪು ಚರ್ಮಕ್ಕೆ ಬಿಳಿ ಕೂಡುವುದಿಲ್ಲ. ನೆರಳಿಗೆ ನೇರಳೆ ಬೆರೆತ ಕಂದು ಬೇಕು, ಕೆನ್ನೆಯ ಮೂಳೆಗೆ ಕಾವಿ ಮತ್ತು ಕಿತ್ತಳೆ, ಹಣೆಯ ಹೊಳಪಿಗೆ ಒಂದು ಚೂರು ಆಕಾಶದ ನೀಲಿ. ಇದನ್ನು ಕೈಪಿಡಿಗಳಿಂದ ಕಲಿಯಬೇಕಾಗಿಯೇ ಇರಲಿಲ್ಲ. ನಮ್ಮಲ್ಲಿ 'ಎಣ್ಣೆಗಪ್ಪು', 'ಸಾದುಗಪ್ಪು', 'ಎಣ್ಣೆಗೆಂಪು' ಎನ್ನುತ್ತಾರಲ್ಲ, ಅಲ್ಲಿ ಎಣ್ಣೆ ಎಂದರೆ ಹೊಳಪಿನ ಮಾತೇ. ಚರ್ಮ ಬಣ್ಣದಷ್ಟೇ ಬೆಳಕನ್ನೂ ಹೊತ್ತಿರುತ್ತದೆ ಎಂಬುದು ಆ ಪದ ಕಟ್ಟಿದವರಿಗೆ ಗೊತ್ತಿತ್ತು. ಅದೇ ಪದಗಳನ್ನು ವಧುಪರೀಕ್ಷೆಯಲ್ಲಿ ಕೇಳಿದವರಿಗೆ ಅವುಗಳ ಇನ್ನೊಂದು ಮುಖವೂ ಗೊತ್ತು.

ಚಿತ್ರಕಾರರು ಇದನ್ನು ಬಹಳ ಹಿಂದೆಯೇ ಎದುರಿಸಿದ್ದರು. ಸುಮಾರು 1400ರ ಇಟಲಿಯ ಚೆನ್ನಿನೊ ಚೆನ್ನಿನಿ ತನ್ನ ಕೈಪಿಡಿಯಲ್ಲಿ ಮುಖಕ್ಕೆ ಮೊದಲು ಹಸಿರು ಮಣ್ಣಿನ ಬಣ್ಣ ಹಾಕಿ ಮೇಲೆ ಗುಲಾಬಿ ತರಬೇಕು ಎನ್ನುತ್ತಾನೆ. ಸತ್ತವನ ಮುಖಕ್ಕೆ ಗುಲಾಬಿ ಬೇಡ. ತತ್ತಿಯ ಲೋಳೆಯಲ್ಲೂ ಅವನಿಗೆ ಭೇದವಿದೆ: ಎಳೆಯರ ಮುಖಕ್ಕೆ ಪಟ್ಟಣದ ಕೋಳಿಯ ತಿಳಿ ಹಳದಿ, ಮುದುಕರ ಮತ್ತು ಕಂದು ಮೈಯವರ ಮುಖಕ್ಕೆ ಹಳ್ಳಿ ಕೋಳಿಯ ಕೆಂಪು ಹಳದಿ. ಓದಿ ನಕ್ಕಿದ್ದೆ. ಆಮೇಲೆ ಯೋಚಿಸಿದರೆ, ಸೀಸೆಯ ಮೇಲಿನ ಅಂಕಿಗಿಂತ ಕೋಳಿಯೇ ವಾಸಿ ಅನ್ನಿಸಿತು. ಅಂಕಿಗಳ ಚರಿತ್ರೆ ಅಷ್ಟು ಒಳ್ಳೆಯದಲ್ಲ. ಮಾನವಶಾಸ್ತ್ರಜ್ಞ ಫೆಲಿಕ್ಸ್ ಫಾನ್ ಲುಶಾನ್ 36 ಗಾಜಿನ ಬಿಲ್ಲೆಗಳ ಪಟ್ಟಿ ಮಾಡಿ ಜನರ ಚರ್ಮದ ಪಕ್ಕ ಹಿಡಿದು ಸಂಖ್ಯೆ ಕೊಡುವ ಪದ್ಧತಿ ತಂದ. ನಮ್ಮ ದೇಶದಲ್ಲಿ ಅದೇ ಕಾಲದ ಅಧಿಕಾರಿಗಳು ಮೂಗು ಅಳೆದು ಜಾತಿ ಬರೆದರು, ಯಾವ ಕುಲ ಯುದ್ಧಕ್ಕೆ ಯೋಗ್ಯ ಎಂದು ಪಟ್ಟಿ ಮಾಡಿದರು. ನನ್ನ ಡಬ್ಬದಲ್ಲಿ ಸಾಲಾಗಿ ನಿಂತ ಒಂಬತ್ತು ಕಂದು ಸೀಸೆಗಳನ್ನು ನೋಡಿದಾಗ ಕೆಲವೊಮ್ಮೆ ಆ ಬಿಲ್ಲೆಗಳು ನೆನಪಾಗಿ ಕೈ ಹಿಂದೆ ಸರಿಯುತ್ತದೆ.

"ಫೋಟೊ ನೋಡಿ ಬಳಿಯಿರಿ" ಎನ್ನುತ್ತಾರೆ. ಆ ಕಾಲದ ಸಾಮಾನ್ಯ ಫಿಲ್ಮು ಕೆಂಪನ್ನು ಕಾಣುತ್ತಿರಲಿಲ್ಲ; ಕೆಂಪು ಬೆರೆತದ್ದೆಲ್ಲ ಅದರಲ್ಲಿ ಕಪ್ಪಾಗಿ ಮೂಡುತ್ತಿತ್ತು. ತುಟಿ, ಬಿಸಿಲಿಗೆ ಬೆಂದ ಕೆನ್ನೆ ಇದ್ದದ್ದಕ್ಕಿಂತ ಕಪ್ಪಾಗಿ ಬಿದ್ದವು. ದೆಹಲಿಯ ತೀನ್ ಮೂರ್ತಿಯಲ್ಲಿ ಹೈದರಾಬಾದ್, ಜೋಧಪುರ, ಮೈಸೂರು ದಳಗಳ ಹೆಸರಿನಲ್ಲಿ ನಿಂತ ಮೂವರು ಕಂಚಿನವರು. ಅವರಿಗೆ ಲೋಹದ ಬಣ್ಣ ಬಿಟ್ಟು ಬೇರೆ ಬಣ್ಣವಿಲ್ಲ. ಹಾಗಾಗಿ ಬಣ್ಣ ಆರಿಸುವವನು ನಾನೇ. ಆರಿಸುವುದು ನಾನಾದರೆ ಉತ್ತರ ಹೇಳಬೇಕಾದವನೂ ನಾನೇ ತಾನೆ?

ಉತ್ತರ ಹೇಳುವ ದಿನ ಬಂತು. ಐವರನ್ನೂ ಮುಗಿಸಿ ಕಿಟಕಿಯ ಹೊಸ್ತಿಲ ಮೇಲೆ ಸಾಲಾಗಿ ಇಟ್ಟೆ. ನಾಲ್ವರು ಸವಾರರು, ಒಬ್ಬ ಅಧಿಕಾರಿ. ಅಧಿಕಾರಿ ಉಳಿದವರಿಗಿಂತ ಬೆಳ್ಳಗಿದ್ದ. ಬೇಕೆಂದು ಮಾಡಿದ್ದಲ್ಲ. ಒಂದೇ ತಟ್ಟೆಯ ಬಣ್ಣ, ಒಂದೇ ವಾರದ ಕೆಲಸ. ಆದರೆ ಅವನ ಪದಕಗಳನ್ನು ಬಳಿದ ಮೇಲೆ ಮುಖಕ್ಕೆ ಕೈ ಹಾಕಿದ್ದೆ. ಪದಕಗಳ ಗೌರವ ನನಗರಿವಿಲ್ಲದೆ ಕುಂಚಕ್ಕೆ ಇಳಿದು ಇನ್ನೊಂದು ಪದರ ಕಾವಿ ಹಾಕಿಸಿತ್ತು. ಗೌರವ ಎಂದರೆ ಬೆಳಕು, ಬೆಳಕು ಎಂದರೆ ಬಿಳಿ. ಈ ಲೆಕ್ಕ ನನ್ನೊಳಗೆ ಎಲ್ಲಿ ಕೂತಿತ್ತು? ಚಿಕ್ಕಂದಿನಲ್ಲಿ ಮನೆಗೆ ಬಂದವರು ನನ್ನನ್ನೂ ಅಣ್ಣನನ್ನೂ ಅಕ್ಕಪಕ್ಕ ನಿಲ್ಲಿಸಿ "ಇವನು ಸ್ವಲ್ಪ ಕಪ್ಪು" ಎನ್ನುತ್ತಿದ್ದರು. 'ಇವನು' ನಾನು. ಆ ಮಾತು ನುಂಗಿಕೊಂಡವನೇ ನಲವತ್ತು ವರ್ಷದ ನಂತರ ತವರದ ಗೊಂಬೆಗಳನ್ನು ಹಾಗೇ ಸಾಲು ನಿಲ್ಲಿಸಿದ್ದೆ.

ಗೆಳೆಯನೊಬ್ಬ ವಾದಿಸಿದ: "ಅಧಿಕಾರಿ ನಿಜಕ್ಕೂ ಬೆಳ್ಳಗಿದ್ದಿರಬಹುದು. ಅದನ್ನು ಅಳಿಸಿದರೆ ಅದೂ ಸುಳ್ಳೇ." ವಾದ ಗಟ್ಟಿಯೇ. ಒಬ್ಬನೇ ಆದರೆ ಒಪ್ಪುತ್ತಿದ್ದೆ. ಹಳೆಯ ಕಪಾಟು ತೆರೆದು ಹತ್ತು ವರ್ಷದ ಕೆಲಸವನ್ನೆಲ್ಲ ಹೊರಗಿಟ್ಟು ನೋಡಿದೆ. ನನ್ನ ಅಧಿಕಾರಿಗಳೆಲ್ಲ ಬೆಳ್ಳಗೆ, ಕುದುರೆ ಹಿಡಿಯುವವರೆಲ್ಲ ಕಪ್ಪಗೆ. ಒಂದು ಸಲವಾದರೆ ಅದು ಮನುಷ್ಯ ಬಣ್ಣ, ಪ್ರತಿ ಸಲವೂ ಆದರೆ ಅದು ನನ್ನ ಬಣ್ಣ. ಇತಿಹಾಸದ ಹೆಸರಿನಲ್ಲಿ ಅದನ್ನು ಸತ್ತವರ ಮೇಲೆ ಹೊರಿಸಲು ನನಗೇನು ಹಕ್ಕು?

ಐವರ ಬಣ್ಣವನ್ನೂ ಸ್ಪಿರಿಟ್‌ನಲ್ಲಿ ತೊಳೆದೆ. ಈಗ ಸೀಸೆಯಿಂದ ಶುರುಮಾಡುವುದಿಲ್ಲ, ಕಂಡ ಮುಖದಿಂದ ಶುರುಮಾಡುತ್ತೇನೆ. ತಿಂಗಳುಗಟ್ಟಲೆ ಪ್ಯಾಲೆಸ್ತೀನಿನ ಬಿಸಿಲಲ್ಲಿ ಸವಾರಿ ಮಾಡಿದವನ ಹಣೆ ಪೇಟದಂಚಿನಲ್ಲಿ ತಿಳಿಯಾಗಿರಬೇಕು, ಮೂಗಿನ ತುದಿ ಸುಟ್ಟಿರಬೇಕು, ಕತ್ತಿನ ಮಡಿಕೆಯಲ್ಲಿ ಧೂಳು ಕೂತಿರಬೇಕು. ಅಂಥ ಹಣೆ ನಮ್ಮ ಬೀದಿಯ ಆಟೊ ಸ್ಟ್ಯಾಂಡಿನಲ್ಲೇ ಇದೆ. ಅಲ್ಲಿನ ಒಬ್ಬರನ್ನು ಕೇಳಿ ಒಂದು ಮಧ್ಯಾಹ್ನ ಎದುರಿಗೆ ಕೂರಿಸಿಕೊಂಡೆ. ಗುರುತಿಲ್ಲದ ಸತ್ತವನಿಗೆ ಬದುಕಿದ್ದವನ ಮುಖ ಕೊಡಬಹುದೇ ಎಂಬ ಅಳುಕು ಇತ್ತು. ಅದನ್ನು ಅವರಿಗೂ ಹೇಳಿದೆ. "ಕೊಡಿ ಸಾರ್, ಸವೆಯಲ್ವಲ್ಲ" ಎಂದರು.

ಮುಗಿದ ಗೊಂಬೆಯನ್ನು ಅವರು ಅಂಗೈಯಲ್ಲಿಟ್ಟುಕೊಂಡು ಬಿಸಿಲಿಗೆ ತಿರುಗಿಸಿದರು. ಅಧಿಕಾರಿಯ ಗೊಂಬೆ ಅದು, ಪದಕಗಳ ಸಮೇತ. ಬಹಳ ಹೊತ್ತು ನೋಡಿ, "ಮುಖ ಸರಿ ಸಾರ್. ಕಿವಿ ಮಾತ್ರ ತೊಳೆದ ಹಾಗಿದೆ, ನಾನು ಇನ್ನೂ ಒಂಚೂರು ಕಪ್ಪು" ಎಂದರು. ಕುಂಚ ತೊಳೆದು ಮತ್ತೆ ಕೂತೆ.